ಹೊಸ್ತಿಲಿಗೆ ಒಂದು ಬಕೆಟ್ ನೀರು

ಕೈಗೆ ಅಂಟಿದ ಅಭ್ಯಾಸಕ್ಕೆ ವೀಸಾ ಬೇಕಾಗಿಲ್ಲ. ನಮ್ಮ ಜೊತೆಗೇ ವಿಮಾನ ಹತ್ತಿ ಬಂದುಬಿಡುತ್ತದೆ. ನನ್ನ ಜೊತೆ ಬಂದದ್ದು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೊಸ್ತಿಲಿಗೆ ನೀರು ಹಾಕಿ ತೊಳೆಯುವ ಅಭ್ಯಾಸ. ಅಮೆರಿಕದ ವೆಸ್ಟ್ ವಿಂಡ್ಸರಿನ ನಮ್ಮ ಮನೆಯಲ್ಲಿ ಹೊಸ್ತಿಲೆಂದರೆ ಒಂದು ಅಲ್ಯೂಮಿನಿಯಂ ಪಟ್ಟಿ. ಎಷ್ಟು ನೀರು ಸುರಿದರೂ ಅದಕ್ಕೇನೂ ಆಗಲಿಲ್ಲ. ಆಗಿದ್ದರೆ ನಾನು ಅಲ್ಲಿಗೇ ಪಾಠ ಕಲಿಯುತ್ತಿದ್ದೆನೇನೋ.

ರಿಟೈರ್ ಆದ ಮೇಲೆ ಮನೆಯಲ್ಲಿ ಕೂತು ಗಂಡನ ತಪ್ಪು ಹುಡುಕಿ ಹುಡುಕಿ ಬೇಸರವಾಗಿ, ಹತ್ತಿರದ ಪಾರ್ಕಿನಲ್ಲಿರುವ ಹಳೆಯ ಲಾಗ್ ಹೌಸಿಗೆ ವಾಲಂಟಿಯರ್ ಆಗಿ ಸೇರಿದೆ. ಇನ್ನೂರು ವರ್ಷದ ಹಿಂದೆ ಯಾರೋ ರೈತ ಓಕ್ ದಿಮ್ಮಿಗಳನ್ನು ಕೊಡಲಿಯಲ್ಲಿ ಕೆತ್ತಿ, ಒಂದರ ಮೇಲೊಂದು ಪೇರಿಸಿ ಕಟ್ಟಿದ ಒಂದೇ ಕೋಣೆಯ ಮನೆ. ಶನಿವಾರ, ಭಾನುವಾರ ಬೀಗ ತೆಗೆದು ಬಂದವರಿಗೆ ತೋರಿಸುವುದು ನನ್ನ ಕೆಲಸ. ಬೀಗ ತೆಗೆದವಳು ಸುಮ್ಮನಿರುತ್ತೇನೆಯೇ? ಒಂದು ಬಕೆಟ್ ನೀರು ಸುರಿದು ಹೊಸ್ತಿಲು ತಿಕ್ಕಿ, ಎರಡೆಳೆ ರಂಗೋಲಿಯನ್ನೂ ಎಳೆಯುತ್ತಿದ್ದೆ. ಹೀಗೆ ಆರು ವರ್ಷ. ನೋಡಿದವರು ‘ಬ್ಯೂಟಿಫುಲ್’ ಎನ್ನುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಹೋದ ವಸಂತದಲ್ಲಿ ಬಾಗಿಲು ಸಿಕ್ಕಿಕೊಳ್ಳತೊಡಗಿತು. ಹಳೆಯ ಕಟ್ಟಡಗಳನ್ನು ರಿಪೇರಿ ಮಾಡುವ ಬಡಗಿ ವಾಲ್ಟ್ ಬಂದು, ಹೊಸ್ತಿಲ ಕೆಳಗಿನ ದಿಮ್ಮಿಗೆ ದಬ್ಬಳ ಚುಚ್ಚಿದ. ಕಳಿತ ಬಾಳೆಹಣ್ಣಿಗೆ ಹೊಕ್ಕಂತೆ ಅದು ಹಿಡಿಯವರೆಗೂ ಹೊಕ್ಕಿತು. “ಎಲ್ಲಿಂದಲೋ ನೀರು ಇಳೀತಾ ಇದೆ. ಅದು ನಿಲ್ಲೋ ತನಕ ಹೊಸ ಮರ ಕೂಡಿಸಲ್ಲ” ಎಂದ. ನನಗೆ ನನ್ನ ಬಕೆಟ್ ನೆನಪಾಯಿತು. ಆ ಮನೆಯನ್ನು ನೋಡಿಕೊಳ್ಳುವ ಕಮಿಟಿಯವರು ಅತ್ತಿತ್ತ ನೋಡಿದರು. ಪಾರ್ಕಿನ ಹುಲ್ಲಿಗೆ ನೀರು ಬಿಡುವ ಮುದುಕ ಜೋ ಕಣ್ಣಿಗೆ ಬಿದ್ದ. ಅವನ ಸ್ಪ್ರಿಂಕ್ಲರೇ ಕಾರಣವೆಂದು ತೀರ್ಮಾನಿಸಿ, ಇನ್ನು ಬರಬೇಡ ಎಂದುಬಿಟ್ಟರು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಮನೆ ಬಿಟ್ಟು ಹೋಗಲು ಇದ್ದದ್ದು ಆ ಪಾರ್ಕ್ ಒಂದೇ. ಅವನು ಟೋಪಿ ಕೈಯಲ್ಲಿ ಹಿಡಿದು “ಸರಿ” ಎಂದ. ನಾನು ಬಕೆಟನ್ನು ಮೆಲ್ಲಗೆ ಬಾಗಿಲ ಹಿಂದೆ ಸರಿಸಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಸುಮ್ನಿರೇ, ಇಲ್ಲಿ ಎಲ್ಲದಕ್ಕೂ ಲಯಬಿಲಿಟಿ ಅಂತ ಕೇಸ್ ಹಾಕ್ತಾರೆ. ಇನ್ಮೇಲೆ ನೀರು ಹಾಕ್ಬೇಡ, ಮುಗೀತು” ಎಂದರು. “ಜೋ ಗತಿ ಏನ್ರೀ?” ಎಂದೆ. ಅವರು ಟಿವಿಯ ಸದ್ದು ಹೆಚ್ಚಿಸಿದರು. ಒಂದು ವಾರ ನಾನೂ ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಶನಿವಾರ ವಾಲ್ಟ್ ಗೋಡೆಯನ್ನು ಜಾಕಿನ ಮೇಲೆ ನಿಲ್ಲಿಸಿ, ಕೊಳೆತ ಮರವನ್ನು ಉಳಿಯಿಂದ ಕೆರೆದು ತೆಗೆಯುತ್ತಿದ್ದ. ಗಟ್ಟಿ ಮರ ಸಿಕ್ಕಿದಲ್ಲಿ ಕೈ ತಡೆಯುತ್ತಿದ್ದ. “ಕೊಳೆತಷ್ಟೇ ತೆಗೀಬೇಕು. ಆ ರೈತನ ಕೊಡಲಿ ಗುರುತು ಒಂದಿಂಚೂ ಕಳ್ಕೋಬಾರದು” ಎಂದ. ಅಷ್ಟು ಜೋಪಾನ ಮಾಡುವವನ ಎದುರು ಇನ್ನು ತಡೆಯಲಾಗಲಿಲ್ಲ. ಅಲ್ಲಿದ್ದ ಕಮಿಟಿಯವರಿಗೆ ಬಕೆಟ್ಟಿನ ಕಥೆಯನ್ನೆಲ್ಲ ಹೇಳಿ ಅತ್ತುಬಿಟ್ಟೆ. ಯಾರೂ ಲಾಯರನ್ನು ಕರೆಯಲಿಲ್ಲ. ಜೋಗೆ ಫೋನ್ ಮಾಡಿ ವಾಪಸ್ ಕರೆದರು.

ಮರುದಿನ ಅವನ ಹತ್ತಿರ ಹೋಗಿ ಕ್ಷಮೆ ಕೇಳಿದೆ. “ನಿಮ್ಮ ಬಕೆಟ್ಟೇ ಅಂತ ನನಗೆ ಅವತ್ತೇ ಗೊತ್ತಿತ್ತು” ಎಂದ ಜೋ. “ನೀವು ತಲೆ ತಗ್ಗಿಸಿ ನೀರು ಹಾಕೋದನ್ನ ಆರು ವರ್ಷ ನೋಡಿದೀನಿ. ಅದು ನಿಮ್ಮ ಪ್ರಾರ್ಥನೆ ಅಂದ್ಕೊಂಡೆ. ಪ್ರಾರ್ಥನೆ ಮೇಲೆ ಹೇಗೆ ದೂರು ಹೇಳ್ಲಿ?”

ಆ ಆರು ವರ್ಷವೂ ನಾನು ತಲೆ ತಗ್ಗಿಸಿ ಯೋಚಿಸುತ್ತಿದ್ದದ್ದು ಮಧ್ಯಾಹ್ನದ ಹುಳಿಗೆ ಯಾವ ತರಕಾರಿ ಹಾಕಲಿ ಎಂದು. ಅದನ್ನು ಮಾತ್ರ ಅವನಿಗೆ ಇಂದಿಗೂ ಹೇಳಿಲ್ಲ.