ಡ್ರಿಲ್ ಮೇಷ್ಟ್ರ ಲಂಗಾವತಾರ

"ಸಡಿಲ! ನನ್ನ ಜೀವಮಾನದಲ್ಲೇ ಆ ಪದಕ್ಕೆ ಜಾಗ ಇಲ್ಲ ಡಾಕ್ಟ್ರೇ!"

ಬೆಂಗಳೂರಿನ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ನರಸಿಂಹಪ್ಪ ಮೇಷ್ಟ್ರು ಗುಡುಗಿದರು. ಒಡೆದ ಮಂಡಿಚಿಪ್ಪಿಗೆ ಆಪರೇಷನ್ ಮಾಡಿ, ಮೇಲೆ ಕುಂಬಳಕಾಯಿ ಗಾತ್ರಕ್ಕೆ ಪಟ್ಟಿ ಸುತ್ತಿದ್ದ ಡಾಕ್ಟರು ಪಾಪ ಹೇಳಿದ್ದಿಷ್ಟೇ: "ಮಂಡಿ ಬಗ್ಗಿಸಬೇಡಿ. ಸ್ವಲ್ಪ ದಿನ ಸಡಿಲವಾದ ಬಟ್ಟೆ ಹಾಕ್ಕೊಳ್ಳಿ."

ಆದರೆ ಹೇಳಿದ್ದು ಯಾರಿಗೆ! ಚಿಂತಾಮಣಿಯ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಿಗೆ! ಅವರ ಖಾಕಿ ಪ್ಯಾಂಟಿನ ಗೆರೆಯಲ್ಲಿ ಬದನೆಕಾಯಿ ಹೆಚ್ಚಬಹುದೆಂದು ಊರಿನಲ್ಲಿ ಪ್ರತೀತಿ. ಪ್ಯಾಂಟನ್ನು ಹಾಸಿಗೆಯಡಿ ಮಡಿಸಿಟ್ಟು, ಮಗ್ಗುಲು ಬದಲಿಸದೆ, ತಾವೇ ಇಸ್ತ್ರಿಪೆಟ್ಟಿಗೆಯಾಗಿ ಮಲಗುತ್ತಿದ್ದ ಮಹಾನುಭಾವರು ಅವರು. ಮಂಡಿ ಮುರಿದದ್ದೂ ಆ ಗೆರೆಯ ದೆಸೆಯಿಂದಲೇ. "ನೋಡ್ರೋ, ಹೈಜಂಪ್ ಅಂದ್ರೆ ಹೀಗೆ!" ಎಂದು ಓಡಿಬಂದು ಹಾರಿದವರು, ಗಾಳಿಯಲ್ಲಿರುವಾಗಲೇ ಗೆರೆ ಕೆಟ್ಟಿತೇನೋ ಎಂದು ಬಗ್ಗಿ ನೋಡಿಕೊಂಡರು. ಅಷ್ಟರಲ್ಲಿ ಭೂಮಿ ಬಂದುಬಿಟ್ಟಿತು!

ಚಿಕ್ಕ ರೈಲಿನಲ್ಲಿ ಕುಲುಕಿಕೊಂಡು ಊರಿಗೆ ಬಂದಿಳಿದವರೇ ಹೆಂಡತಿಯ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದರು. "ಅನಸೂಯಾ, ಸ್ಕೂಲಿನ ಕ್ರೀಡಾದಿನ ಸೀಟಿ ಊದೋನು ನಾನೇ. ಅದೂ ಪ್ಯಾಂಟಲ್ಲೇ!"

"ಊದೋರಂತೆ. ಮೊದ್ಲು ಎದ್ದು ನಿಂತ್ಕೊಳ್ಳಿ" ಎಂದರು ಅನಸೂಯಮ್ಮ.

ಮೇಷ್ಟ್ರ ಆತುರಕ್ಕೆ ಕಾರಣವಿತ್ತು. ಅವರು ಮಲಗಿದ ಮೇಲೆ ಡ್ರಿಲ್ ಕ್ಲಾಸು ಕ್ರಾಫ್ಟ್ ಮೇಷ್ಟ್ರು ಚಲಪತಿಯ ಕೈಸೇರಿತ್ತು. ಬುಟ್ಟಿ ಹೆಣೆಯುವವನ ಕೈಗೆ ಸೀಟಿ! ಹುಡುಗರಿಗೆ ಬಿಸಿಲು ಹತ್ತಿದರೆ ಆತ ಮರದ ನೆರಳಿಗೆ ಕಳಿಸುತ್ತಾನಂತೆ. ಹುಡುಗರಿಗೆ ಆತ ಬಲು ಹಿಡಿಸಿದ್ದಾನಂತೆ. ಈ ಸುದ್ದಿ ಮಂಡಿಗಿಂತ ಹೆಚ್ಚು ನೋಯುತ್ತಿತ್ತು.

ಸರಿ, ಪ್ಯಾಂಟಿನ ಆರೋಹಣ ಶುರುವಾಯಿತು. ಒಂದು ಕಡೆ ಅನಸೂಯಮ್ಮ, ಇನ್ನೊಂದು ಕಡೆ ಮಗನ ಆರೈಕೆಗೆಂದು ಕೆಂಚಾರ್ಲಹಳ್ಳಿಯಿಂದ ಬಂದಿದ್ದ ತಾಯಿ ಗಂಗುಲಮ್ಮ. ಗಟ್ಟಿ ಕಾಲು ಸಲೀಸಾಗಿ ಒಳಗಿಳಿಯಿತು. ಪಟ್ಟಿಯ ಕಾಲು ಪಾದದಿಂದ ಹೊರಟು ಮಂಡಿಯ ಹತ್ತಿರ ಬಂದು ನಿಂತಿತು. ಮುಂದೆ ಹೋಗದು, ಹಿಂದೆ ಬಾರದು!

"ಎಳೀರಿ!" ಎಂದರು ಮೇಷ್ಟ್ರು. ಎಳೆದರು. "ಅಯ್ಯೋ! ಬಿಡ್ರೀ!" ಎಂದರು ಮೇಷ್ಟ್ರು. ಬಿಟ್ಟರು.

"ಏಮಿರಾ ಇದಿ! ರಾಗಿ ಮೂಟೇನ ಎಲೆಅಡಿಕೆ ಚೀಲಕ್ಕೆ ತುಂಬ್ದಂಗಾಯ್ತಲ್ಲೋ ನಾಯನಾ!" ಎಂದು ಗಂಗುಲಮ್ಮ ಬೆವರೊರೆಸಿಕೊಂಡರು.

ಕೊನೆಗೆ ಕತ್ತರಿಯೇ ಬರಬೇಕಾಯಿತು. ಗೆರೆಯ ಮೇಲೆ ಕತ್ತರಿ ಆಡುವಾಗ ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಆಪರೇಷನ್ನಿನಲ್ಲೂ ಅವರ ಕಣ್ಣಲ್ಲಿ ನೀರು ಬಂದಿರಲಿಲ್ಲ.

ಆಮೇಲೆ ಪಂಚೆಯ ಪಾಳಿ. ಪಂಚೆಯಲ್ಲಿ ಗಾಳಿಯೇನೋ ಆಡುತ್ತದೆ. ಆದರೆ ಎರಡೂ ಕಂಕುಳಲ್ಲಿ ಊರುಗೋಲಿರುವವನಿಗೆ ಸಡಿಲವಾಗುವ ಗಂಟನ್ನು ಹಿಡಿದುಕೊಳ್ಳಲು ಮೂರನೆಯ ಕೈ ಎಲ್ಲಿಂದ ಬರಬೇಕು? ಮೇಷ್ಟ್ರು ಜಗುಲಿಗೆ ಬಂದು ನಿಂತರು. ಗಂಟು ಜಾರಿತು. ಅದೇ ಹೊತ್ತಿಗೆ ಎದುರುಮನೆ ಅಕ್ಕಯ್ಯಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು! ಕೋಲು ಬಿಟ್ಟರೆ ಮಂಡಿ ಹೋಗುತ್ತದೆ, ಪಂಚೆ ಬಿಟ್ಟರೆ ಮಾನ ಹೋಗುತ್ತದೆ. ಮೇಷ್ಟ್ರು ಯೋಚಿಸುವಷ್ಟರಲ್ಲಿ ಪಂಚೆ ತಾನೇ ತೀರ್ಮಾನ ಮಾಡಿ ಕೆಳಗಿಳಿಯಿತು. ಅಕ್ಕಯ್ಯಮ್ಮ ಗೌರವಸ್ಥೆ, ತಕ್ಷಣ ಕಣ್ಣು ಮುಚ್ಚಿಕೊಂಡರು. ಬಾಯಿ ಮಾತ್ರ ಮುಚ್ಚಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ!

"ಜಾರಬಾರ್ದು, ಬಿಗೀಬಾರ್ದು, ಗಾಳಿ ಆಡ್ಬೇಕು. ಅಷ್ಟೇ ತಾನೇ?" ಎಂದು ಗಂಗುಲಮ್ಮ ಒಳಗೆ ಹೋಗಿ, ಸೊಸೆಯ ಮೆಣಸಿನಕಾಯಿ ಬಣ್ಣದ ಲಂಗ ತಂದು ಮಗನ ಮುಂದೆ ಹಿಡಿದರು. "ಇಕೋ! ಲಾಡಿ ಐತೆ, ಜಾರಲ್ಲ."

"ಅಮ್ಮಾ! ಪ್ರಾಣ ಹೋದ್ರೂ ಉಡಲ್ಲ!"

ಪ್ರಾಣ ಹೋಗಲಿಲ್ಲ, ಸೆಕೆ ಬಂತು. ಕದ, ಕಿಟಕಿ ಎರಡೂ ಮುಚ್ಚಿಸಿ, ಬರೀ ನೋಡುವುದಕ್ಕೆಂದು ಮೇಷ್ಟ್ರು ಲಂಗ ತೊಟ್ಟರು. ಆಹಾ! ಮಂಡಿಗೆ ಸೋಕದು, ಸೊಂಟದಿಂದ ಜಾರದು, ಸುತ್ತಲೂ ನಂದಿಬೆಟ್ಟದ ಗಾಳಿ! ಇಂಥ ಸುಖವನ್ನು ಇಷ್ಟು ವರ್ಷ ಹೆಂಗಸರು ಗುಟ್ಟಾಗಿಟ್ಟಿದ್ದರಲ್ಲ ಎಂದು ಅವರಿಗೆ ಸಿಟ್ಟೇ ಬಂತು.

"ಎಷ್ಟ್ ಹೊತ್ತಿಗೆ ಬಿಚ್ತೀರಿ?" ಎಂದು ಅನಸೂಯಮ್ಮ ಕೇಳಿದರು.

"ಇರ್ಲಿ ಇರೇ, ಸ್ವಲ್ಪ ಆರ್ಲಿ" ಎಂದರು ಮೇಷ್ಟ್ರು. ಏನು ಆರಬೇಕಿತ್ತೋ, ಮರುದಿನವೂ ಆರಲಿಲ್ಲ.

ಆ ಮರುದಿನ ಮಧ್ಯಾಹ್ನವೇ ಹೊರಗೆ ಬೈಸಿಕಲ್ಲುಗಳ ಸದ್ದಾಯಿತು. ಹೆಡ್ಮಾಸ್ಟ್ರು ವೆಂಕಟರಾಮಪ್ಪನವರು! ಬೆನ್ನ ಹಿಂದೆ ಚಲಪತಿ! ಬನಿಯನ್ನೂ ಲಂಗವೂ ತೊಟ್ಟು ಮಂಚದ ಮೇಲೆ ಹೊರಳಾಡುತ್ತಿದ್ದ ಮೇಷ್ಟ್ರು ಕೈಗೆ ಸಿಕ್ಕ ಕರಿ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡರು.

"ಏನ್ರೀ ಇದು, ಈ ಬೇಸಿಗೇಲಿ ಕಂಬಳಿ? ಜ್ವರಾನಾ?" ಎಂದರು ಹೆಡ್ಮಾಸ್ಟ್ರು.

"ಇಲ್ಲ ಸಾರ್, ಅಭ್ಯಾಸ" ಎಂದರು ಮೇಷ್ಟ್ರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಸಾರ್‌ಗೆ ತುಂಬಾ ಆಯಾಸ ಆಗಿರೋ ಹಂಗಿದೆ. ಕ್ರೀಡಾದಿನ ನಾನು ನೋಡ್ಕೋತೀನಿ ಬಿಡಿ" ಎಂದ ಚಲಪತಿ, ಜೇನುತುಪ್ಪದಂಥ ದನಿಯಲ್ಲಿ.

"ಯಾರಿಗ್ರೀ ಆಯಾಸ? ನಾನೇ ಬರ್ತೀನಿ ಸಾರ್, ಕಲ್ಲುಗುಂಡಿನಂಗಿದೀನಿ!"

"ಹಾಗಾದ್ರೆ ಎದ್ದು ಬಾಗಿಲವರೆಗೂ ನಡೆದು ತೋರ್ಸಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಚಲಪತಿಯೋರಿಗೆ ವಹಿಸ್ತೀನಿ."

ಮೇಷ್ಟ್ರಿಗೆ ಧರ್ಮಸಂಕಟ. ಕಂಬಳಿಯೊಳಗೆ ಲಂಗ, ಕಂಬಳಿಯಾಚೆ ಚಲಪತಿ! ಒಂದು ಗಳಿಗೆ ಕಣ್ಣು ಮುಚ್ಚಿದರು. ಸೀಟಿ ಬಾಯಲ್ಲಿಟ್ಟುಕೊಂಡ ಚಲಪತಿ ಕಣ್ಣೊಳಗೆ ಬಂದು ನಿಂತ. ಅಷ್ಟೇ! ಕಂಬಳಿಯನ್ನು ನಾಟಕದ ಪರದೆಯಂತೆ ಕಿತ್ತೆಸೆದು ಊರುಗೋಲಿನ ಮೇಲೆ ಎದ್ದು ನಿಂತರು.

"ಡಾಕ್ಟ್ರ ಅಪ್ಪಣೆ ಸಾರ್. ಸಡಿಲವಾದ ಬಟ್ಟೆ!"

ಮೇಷ್ಟ್ರು ಎದೆಯುಬ್ಬಿಸಿ, ಗಕ್ಕನೆ ತಿರುಗಿ, "ಲೆಫ್ಟ್! ರೈಟ್!" ಎಂದು ತಮಗೆ ತಾವೇ ಆಜ್ಞೆ ಕೊಟ್ಟುಕೊಳ್ಳುತ್ತ ಬಾಗಿಲ ಕಡೆಗೆ ಹೊರಟರು. ಬೆನ್ನ ಹಿಂದೆ ಹೆಡ್ಮಾಸ್ಟ್ರು ಕನ್ನಡಕ ಏರಿಸಿಕೊಂಡ ಸದ್ದು. ಆಮೇಲೆ ನಿಧಾನವಾಗಿ, ಬೆರಗಿನಿಂದ ಹೊರಟ ದನಿ:

"ಫಸ್ಟ್... ಕ್ಲಾಸ್!"

"ಹೌದು ಸಾರ್, ಫಸ್ಟ್ ಕ್ಲಾಸ್" ಎಂದ ಚಲಪತಿ.

ಶತ್ರುವಿನ ಬಾಯಲ್ಲೂ ಹೊಗಳಿಕೆ! ಮೇಷ್ಟ್ರು ಎದೆಯನ್ನು ಇನ್ನೂ ಒಂದಂಗುಲ ಉಬ್ಬಿಸಿದರು.

ಹೆಡ್ಮಾಸ್ಟ್ರು ಕಾಫಿಗೂ ಕಾಯಲಿಲ್ಲ. ಕರ್ಚೀಫನ್ನು ಬಾಯಿಗೊತ್ತಿಕೊಂಡು, "ಕ್ರೀಡಾದಿನ ನೀವೇ ಬನ್ನಿ. ಕುರ್ಚಿ ಹಾಕ್ಸಿರ್ತೀನಿ. ಆದ್ರೆ ಕೂತೇ ಇರಿ, ಯಾವ ಕಾರಣಕ್ಕೂ ಏಳ್ಬೇಡಿ" ಎಂದು ಹೇಳಿ ಹೊರಟೇಬಿಟ್ಟರು. ಬೀದಿಯ ತಿರುವಿನಲ್ಲಿ ಒಂದು ಬೈಸಿಕಲ್ಲು ಬಿದ್ದ ಸದ್ದು ಕೇಳಿಸಿತು.

ಮೇಷ್ಟ್ರು ಮಂಚದ ಮೇಲೆ ರಾಜನಂತೆ ಒರಗಿದರು. "ನೋಡಿದ್ಯಾ ಅನಸೂಯಾ? ಬಟ್ಟೇಲಿ ಏನಿದೆ! ಮನುಷ್ಯ ಗಟ್ಟಿ ಇದ್ರೆ ಲಂಗಕ್ಕೂ ಗೌರವ! ಆ ಚಲಪತೀನೂ ಫಸ್ಟ್ ಕ್ಲಾಸ್ ಅಂದ, ಕೇಳಿಸ್ತಾ?"

ಕಾಫಿಲೋಟ ಹಿಡಿದು ಅಡಿಗೆಮನೆ ಬಾಗಿಲಲ್ಲಿ ಆಗಿನಿಂದ ನಿಂತೇ ಇದ್ದ ಅನಸೂಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ರೀ, ನೀವು ಹೊರಳಾಡಿ ಹೊರಳಾಡಿ ಲಂಗದ ಲಾಡಿ ಹತ್ರದ ಸೀಳು ಹಿಂದಕ್ಕೆ ಬಂದು ಅಗಲಕ್ಕೆ ಬಿಟ್ಕೊಂಡಿತ್ತು."

"ಬಿಟ್ಕೊಂಡ್ರೇನು? ಒಳಗೆ ಚಡ್ಡಿ ಇತ್ತಲ್ಲ!"

"ಇತ್ತು. ನಾನೇ ಮೈದಾ ಚೀಲದಲ್ಲಿ ಹೊಲಿದಿದ್ದು. ಎಷ್ಟು ಒಗೆದ್ರೂ ಅದರ ಮೇಲಿನ ಅಕ್ಷರ ಹೋಗಿಲ್ಲ."

"ಯಾವ ಅಕ್ಷರ?"

"ಫಸ್ಟ್ ಕ್ಲಾಸ್ ಅಂತ. ಅವರು ನಿಮ್ಮನ್ನ ಹೊಗಳಿದ್ದಲ್ಲ ಕಣ್ರೀ, ಓದಿದ್ದು!"