ಪಕ್ಕವಾದ್ಯದವನ ಸೆರನೇಡ್

ನನಗೆ ಹೊಟ್ಟೆಕಿಚ್ಚೇ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನನಗಂತೂ ಧಾರಾಳವಾಗಿದೆ. ಇಪ್ಪತ್ತೆರಡು ವರ್ಷ ಪಿಟೀಲು ಪಕ್ಕವಾದ್ಯ ನುಡಿಸಿದವನಿಗೆ ಅದು ಬಾರದೆ ಇನ್ನೇನು ಬಂದೀತು? ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಿಂದ ಮಲ್ಲೇಶ್ವರದ ಮದುವೆ ಛತ್ರಗಳವರೆಗೆ ಗಾಯಕರ ಮಗ್ಗುಲಲ್ಲಿ ಕೂತಿದ್ದೇನೆ. ಅವರು ಹಾಡಬೇಕು, ನಾನು ಅವರ ಬಾಯಿ ನೋಡಿಕೊಂಡು ಕೂದಲೆಳೆಯಷ್ಟು ಹಿಂದೆ ನುಡಿಸಬೇಕು. ಕರಪತ್ರದಲ್ಲಿ ಅವರ ಹೆಸರು ಅವರೆಕಾಳಿನಷ್ಟು ದಪ್ಪ, ನನ್ನದು ಸಾಸಿವೆ.

ತೊಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ಒಂಟಿ ಪಿಟೀಲು ಮತ್ತು ವಾದ್ಯವೃಂದಕ್ಕಾಗಿ ಬರೆದ ಪಾಶ್ಚಾತ್ಯ ಸೆರನೇಡ್ ಒಂದನ್ನು ರೆಕಾರ್ಡ್ ಮಾಡಲು ಹೊರಟು, ಮುಖ್ಯ ಪಿಟೀಲಿಗೆ ನನ್ನನ್ನು ಕರೆದರು. ಚಿಕ್ಕಂದಿನಲ್ಲಿ ಆ ಪದ್ಧತಿಯನ್ನೂ ಕಲಿತಿದ್ದೆ. ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು ಮೊದಲು, ಅದೂ ದಪ್ಪಗೆ! ಸಾಯುವ ಮೊದಲು ಅದೊಂದನ್ನು ನೋಡಬೇಕೆಂಬ ಆಸೆ ನನಗೆ. ಎರಡು ತಿಂಗಳು ಮನೆಯಲ್ಲಿ, ಪಾಶ್ಚಾತ್ಯರ ಹಾಗೆ ನಿಂತುಕೊಂಡೇ ಅಭ್ಯಾಸ ಮಾಡಿದೆ. ಸೆರನೇಡ್ ಎಂದರೆ ಪ್ರೇಯಸಿಯ ಕಿಟಕಿಯ ಕೆಳಗೆ ನಿಂತು ನುಡಿಸುವ ಸಂಗೀತ ಎಂದು ಹೆಂಡತಿ ಕಮಲಳಿಗೆ ವಿವರಿಸಿದೆ.

“ಕಿಟಕಿ ಕೆಳಗೆ ನಿಂತ್ರೂ, ಒಳಗಿರೋಳು ಮೊದಲು ಹಾಡ್ಲಿ ಅಂತ ಕಾಯ್ತೀರ ಅಷ್ಟೆ,” ಎಂದಳು ಅವಳು, ಹುರುಳಿಕಾಯಿಯ ನಾರು ತೆಗೆಯುತ್ತಲೇ. ನಾನು ಬಾಗಿಲು ಹಾಕಿಕೊಂಡು ಮತ್ತೆ ಅಭ್ಯಾಸಕ್ಕೆ ನಿಂತೆ.

ಸ್ಟುಡಿಯೋದಲ್ಲಿ ವಾದ್ಯವೃಂದ ಪೀಠಿಕೆ ನುಡಿಸಿ ನಿಂತಿತು. ಇನ್ನು ನಾನು ಒಬ್ಬನೇ ಶುರು ಮಾಡಬೇಕು. ಕಮಾನು ತಂತಿಯ ಮೇಲಿದೆ, ನಾನು ಮಾತ್ರ ಕಾಯುತ್ತಿದ್ದೇನೆ. ಯಾರಿಗಾಗಿ ಎಂದರೆ ನನಗೂ ಗೊತ್ತಿಲ್ಲ.

“ಯಾಕೆ ಸರ್, ಶುರು ಮಾಡ್ಲಿಲ್ಲ?” ಎಂದರು ವೃಂದ ನಡೆಸುತ್ತಿದ್ದ ಡಿಸೋಜ.

“ನೀವು ಹೋಗ್ತಿರಿ, ನಾನು ಹಿಂದೇನೇ ಬರ್ತೀನಿ.”

“ಮುಂದೆ ಹೋಗ್ಬೇಕಾದವರು ನೀವು ಸರ್.”

ಹೋದೆ. ಆದರೆ ವೃಂದ ಜೊತೆಗೂಡಿದ ಕೂಡಲೇ ಕಿವಿ ತಾನಾಗಿ ಅವರ ಕಡೆ ತಿರುಗಿತು. ಅವರು ನನಗಾಗಿ ನಿಧಾನ ಮಾಡಿದರು, ನಾನು ಅವರಿಗಾಗಿ ಇನ್ನೂ ನಿಧಾನ ಮಾಡಿದೆ. ಊಟದ ಮನೆಯ ಬಾಗಿಲಲ್ಲಿ ಬೀಗರಿಬ್ಬರು “ನೀವು ನಡೀರಿ, ನೀವು ನಡೀರಿ” ಎಂದು ಉಪಚಾರ ಮಾಡಿದಂತಾಯಿತು. ಎಂಟು ಸಲ ನುಡಿಸಿದರೂ ಅದೇ ಕಥೆ. ಒಂಬತ್ತನೆಯ ಸಲಕ್ಕೆ ಡಿಸೋಜ ಹಿಂದಿನ ಸಾಲಿನಲ್ಲಿದ್ದ, ನನ್ನ ಅಭ್ಯಾಸ ಕೇಳಿ ಕೇಳಿಯೇ ಇಡೀ ಸೆರನೇಡ್ ಕಲಿತಿದ್ದ ಶಿಷ್ಯೆ ಸುಮಾಳನ್ನು ಕರೆದರು.

“ಸರ್, ನೀವು ಹೇಳಿದ್ರೆ ಮಾತ್ರ,” ಎಂದು ಅವಳು ನನ್ನ ಮುಖ ನೋಡಿದಳು.

“ನುಡಿಸಮ್ಮ,” ಎಂದೆ. ಹೊಟ್ಟೆ ಉರಿಯುತ್ತಿತ್ತು. ಅವಳು ಯಾರಿಗೂ ಕಾಯಲಿಲ್ಲ, ಒಂದೇ ಸಲಕ್ಕೆ ಮುಗಿಸಿದಳು. ಅವಳ ಖಾಲಿ ಕುರ್ಚಿಯಲ್ಲಿ ಕೂತು ವೃಂದದ ಜೊತೆ ನಾನೂ ನುಡಿಸಿದೆ.

ಕ್ಯಾಸೆಟ್ ಬಂದ ದಿನ ಸುಮಾ ಹಣ್ಣಿನ ಜೊತೆ ಅದನ್ನು ತಂದುಕೊಟ್ಟು ನಮಸ್ಕಾರ ಮಾಡಿದಳು. ಅವಳ ಹೆಸರು ಅವರೆಕಾಳಿನಷ್ಟಿತ್ತು. ನನ್ನದನ್ನು ಹುಡುಕಲು ಕನ್ನಡಕ ಬೇಕಾಯಿತು. ಅದನ್ನು ಕಮಲಳೇ ತಂದು ಕೈಗಿಟ್ಟಳು.

ಅವಳು ಗಾಂಧಿಬಜಾರಿಗೆ ತರಕಾರಿಗೆ ಹೋದಾಗ ಈಗಲೂ ಬಾಗಿಲು ಹಾಕಿಕೊಂಡು ಆ ಕ್ಯಾಸೆಟ್ ಹಾಕುತ್ತೇನೆ. ಪಿಟೀಲು ತೆಗೆದು, ಚಕ್ಕಳಮಕ್ಕಳ ಹಾಕಿ ಕೂತು, ಸುಮಾಳ ಹಿಂದೆ ಕೂದಲೆಳೆಯಷ್ಟು ತಡವಾಗಿ ಇಡೀ ಸೆರನೇಡನ್ನು ನುಡಿಸುತ್ತೇನೆ. ಒಂದು ಸ್ವರವೂ ತಪ್ಪುವುದಿಲ್ಲ.