ಹಾಚ್‌ಪಾಚ್ ಮತ್ತು ಕಿಟಕಿ ಸೀಟು

ವಸಂತಕುಮಾರರ ಸೊಂಟನೋವಿಗೆ ಡಾಕ್ಟರು ಬರೆದುಕೊಟ್ಟ ಔಷಧ ಒಂದು. ಅವರೇ ಕಂಡುಹಿಡಿದದ್ದು ಇನ್ನೊಂದು: ಲೋಕಲ್ ಟ್ರೇನಿನ ಕಿಟಕಿ ಸೀಟು. ಮನೆ ಡೊಂಬಿವಲಿಯಲ್ಲಿ, ಕೆಲಸ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಹೋಗಬೇಕಾದ ಮಾಜಿವಾಡಾದ ಲ್ಯಾಬಿನಲ್ಲಿ. ಆದರೂ ದಿನಾ ಬೆಳಿಗ್ಗೆ ಉಲ್ಟಾ ಕಲ್ಯಾಣಕ್ಕೆ ಹೋಗಿ, ಅಲ್ಲಿಂದಲೇ ಹೊರಡುವ ಖಾಲಿ ಗಾಡಿಯಲ್ಲಿ ಕಿಟಕಿ ಹಿಡಿಯುತ್ತಿದ್ದರು.

ಆ ಬೆಂಚಿನ ಗೆಳೆಯರದು ಒಂದು ಕಾನೂನಿತ್ತು. ಕಿಟಕಿಯಲ್ಲಿ ಕೂತವರಿಗೆ ದಿನಕ್ಕೊಂದು ಇಂಗ್ಲಿಷ್ ಶಬ್ದ. ಅದರ ಹುಟ್ಟು ಹೇಳದಿದ್ದರೆ ಸೀಟು ಹೋಯಿತು. ಕಾನೂನು ಮಾಡಿದವರು ದಾದರಿನ ಬಟ್ಟೆ ವ್ಯಾಪಾರಿ ಚನ್ನಪ್ಪ. ಮೂವರ ಬೆಂಚಿನ ನಾಲ್ಕನೇ ಸೀಟು ಅವರದು: ಅರ್ಧ ಭಾರ ಬೆಂಚಿನ ಮೇಲೆ, ಇನ್ನರ್ಧ ದೇವರ ಮೇಲೆ.

ಹಿಂದಿನ ದಿನ ಸೋತ ವಸಂತಕುಮಾರರು ಸ್ಟ್ಯಾಂಡಿನಲ್ಲಿಟ್ಟ ಪ್ರನಾಳದಂತೆ ಠಾಣೆಯವರೆಗೂ ನೆಟ್ಟಗೆ ನಿಂತಿದ್ದರು. ಈ ವಾರ ಪ್ರಾಸದ ಶಬ್ದಗಳ ಸರದಿಯೆಂದು ತಿಳಿದು, ನಿಘಂಟು ನೋಡಿ ನೋಟುಪುಸ್ತಕ ತುಂಬಿಸಿಕೊಂಡೇ ಬಂದಿದ್ದರು.

“ಹಾಚ್‌ಪಾಚ್!” ಎಂದರು ಚನ್ನಪ್ಪ. “ಎಲ್ಲಿಂದ ಬಂತು ಹೇಳ್ರಿ, ಇಲ್ಲಂದ್ರ ಏಳ್ರಿ.”

“ಹೇಳ್ತೇನೆ ಮಾರಾಯ್ರೆ. ಫ್ರೆಂಚರದ್ದು. ಪಾತ್ರೆಯಲ್ಲಿ ಎಲ್ಲ ಹಾಕಿ ಅಲ್ಲಾಡಿಸಿದ ಅಡುಗೆ. ‘ಪಾಟ್’ ಇದ್ದದ್ದು ಪ್ರಾಸಕ್ಕಾಗಿ ‘ಪಾಚ್’ ಆಯ್ತು. ನಮ್ಮ ಕಲಸುಮೇಲೋಗರದ ಹಾಗೆ.”

ಬೆಂಚಿನ ಕಿರಿಯ ಸದಸ್ಯ ಹಿತೇಶ್ ಫೋನು ನೋಡಿ, “ಸಹೀ ಹೈ ಅಂಕಲ್!” ಎಂದ. ಸೀಟು ಉಳಿಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಮಾಹಿತಿಯೆಂದರೆ ವಸಂತಕುಮಾರರಿಗೆ ಚೀಟಿಯಿಲ್ಲದ ಆಸಿಡ್ ಬಾಟಲಿ ಕಂಡಂತೆ. “ಇನ್ನೂ ಉಂಟು. ಕಾನೂನಿನಲ್ಲಿ ಇದರ ಅಣ್ಣ ‘ಹಾಚ್‌ಪಾಟ್’. ಎಲ್ಲರ ಆಸ್ತಿ ಒಂದೇ ರಾಶಿಗೆ ಹಾಕಿ ಸಮನಾಗಿ ಹಂಚುವುದು.”

ಫೋರ್ಟಿನ ವಕೀಲರ ಗುಮಾಸ್ತ ಬಾಲಪ್ಪ ತೂಕಡಿಕೆ ಬಿಟ್ಟು ಎದ್ದು ಕೂತರು. “ಖರೇ ಐತಿ! ನಮ್ಮ ಸಾಹೇಬ್ರ ಫೈಲಿನ್ಯಾಗ ನೋಡೀನಿ. ಹಂಗಾರ ಈ ಕಿಟಕೀನೂ ರಾಶಿಗೆ ಹಾಕೂಣಲ್ಲ?”

“ಅದು ಆಸ್ತಿ ಅಲ್ಲ ಮಾರಾಯ್ರೆ!”

“ಮುಂಜಾನಿ ಗಾಡ್ಯಾಗ ಇದಕ್ಕಿಂತ ದೊಡ್ಡ ಆಸ್ತಿ ಯಾವುದೈತ್ರಿ?”

ಇಡೀ ಬೋಗಿ ನಕ್ಕಿತು. ಬಾಲಪ್ಪ ಅಲ್ಲೇ ತೀರ್ಪು ಕೊಟ್ಟರು: “ಡೊಂಬಿವಲಿಯಿಂದ ದಿವಾತನಕ ಚನ್ನಪ್ಪ. ಮುಂಬ್ರಾತನಕ ನಾನು. ಠಾಣೆತನಕ ಹಿತೇಶ್. ಅಲ್ಲಿಂದ ದಾದರ್ ಮುಟ್ಟೂತನಕ ಪೂರಾ ನಿಮ್ದ! ಎಲ್ಲಾರಕಿಂತ ದೊಡ್ಡ ಪಾಲ್ರೀ.”

ಡೊಂಬಿವಲಿ ಬಂತು. ಚನ್ನಪ್ಪ ಕಿಟಕಿಗೆ ಸರಿದರು. ವಸಂತಕುಮಾರರು ನಾಲ್ಕನೇ ಸೀಟಿಗೆ ಜಾರಿ, ಅರ್ಧ ಭಾರವನ್ನು ದೇವರಿಗೆ ಒಪ್ಪಿಸಿದರು.

ಠಾಣೆಯಲ್ಲಿ ಇಳಿಯುವ ಜನ ಎಂದಿನಂತೆ ಅವರನ್ನೂ ಪ್ಲಾಟ್‌ಫಾರ್ಮಿಗೆ ದಬ್ಬಿದರು. ಸೊಂಟ ಹಿಡಿದು ತಿರುಗಿ ನೋಡುವಷ್ಟರಲ್ಲಿ, ಹಿತೇಶ್ ಪ್ರಾಮಾಣಿಕವಾಗಿ ಕಿಟಕಿ ಖಾಲಿ ಮಾಡಿ ಕೂಗುತ್ತಿದ್ದ:

“ಅಂಕಲ್, ಆಪ್ ಕಾ ಟರ್ನ್ ಆ ಗಯಾ!”